ಗಂಟೆಗೆ ಮೊದಲೇ ತುಂಬಿದ ಹಾಳೆ

ಮಾಯಕ್ಕನಿಗೆ ಆ ಹೆರಿಗೆಮನೆಯ ಕಾಗದಗಳ ಮೇಲೆ ನಂಬಿಕೆಯಿರಲಿಲ್ಲ. ಹಿಂದಿನ ವರ್ಷ ಸೊಸೆ ಪದ್ಮವ್ವನ ಚೊಚ್ಚಲ ಕೂಸು ಅಲ್ಲಿಯೇ ಸತ್ತಾಗ ‘ತಡಮಾಡಿ ಕರೆತಂದರು’ ಎಂದು ಬರೆದಿದ್ದರು. ತಮ್ಮೂರು ಪಾರಿಶ್ವಾಡದಿಂದ ಚಕ್ಕಡಿ ಹೊಡೆದುಕೊಂಡು ಹೊತ್ತು ಮೂಡುವ ಮೊದಲೇ ಬಂದಿದ್ದರು ಅತ್ತೆ ಸೊಸೆ. ಕುರಿ ಕಾಯುವವಳ ಮಾತು ಕಾಗದಕ್ಕೆ ಎದುರು ನಿಂತೀತೇ?

೧೯೮೪ರಲ್ಲಿ ಪದ್ಮವ್ವನಿಗೆ ಮತ್ತೆ ಬೇನೆ ಬಂದಾಗಲೂ ಹತ್ತಿರವಿದ್ದದ್ದು ಖಾನಾಪುರದ ಅದೇ ಖಾಸಗಿ ಹೆರಿಗೆಮನೆ. ಈ ಸಲ ಮಂಚದ ಕಾಲ್ದೆಸೆಯಲ್ಲಿ ಹೊಸ ಹಾಳೆ ತೂಗುತ್ತಿತ್ತು. ಅರ್ಧ ಗಂಟೆಗೊಮ್ಮೆ ಹೊಟ್ಟೆಗೆ ಕೊಳವೆ ಹಚ್ಚಿ, ಕೂಸಿನ ಎದೆಬಡಿತ ಎಣಿಸಿ ಬರೆಯಬೇಕು. ನರ್ಸ್ ಗಂಗಾದೇವಿ ಬೆಳಿಗ್ಗೆ ಒಮ್ಮೆ ಎಣಿಸಿದ್ದಳು. ಆಮೇಲೆ ಬಂದು ಬರೀ ಬರೆದು ಹೋಗಿದ್ದಳು.

“ಪದ್ಮಾ, ಏಳನೇ ಇಯತ್ತೆ ತನಕ ಓದೀಯಲ್ಲ, ಏನ್ ಬರದಾಳ ನೋಡು.”

ಪದ್ಮವ್ವ ಮೊಣಕೈ ಊರಿ ಎದ್ದಳು. “ಎರಡಕ್ಕ ನೂರಾ ನಲವತ್ತು. ಎರಡೂವರಿಗೆ ನೂರಾ ನಲವತ್ತು. ಮೂರಕ್ಕೂ ಅಷ್ಟ... ಅತ್ತಿ, ಗ್ವಾಡಿ ಗಡಿಯಾರದಾಗ ಈಗ ಒಂದಾಗೇತಿ!”

ಮಾಯಕ್ಕ ಪಕ್ಕದ ಮಂಚದ ಬಳಿಯಿದ್ದ ಗಂಗಾದೇವಿಯ ಸೆರಗು ಜಗ್ಗಿದಳು. “ಬಾಯಾರ, ಹುಟ್ಟಲಾರದ ಮರಿಗೆ ಕಿವಿ ಕತ್ತರಿಸಿ ಗುರುತ ಹಾಕೀರೇನ್ರಿ?”

“ಬೆಳಗಾವಿಂದ ತಪಾಸಣಿಗೆ ಬರಾವ್ರ ಅದಾರ, ಹಾಳಿ ತುಂಬಿರಬೇಕು. ಹದಿನಾಲ್ಕ ಮಂಚಕ್ಕ ನಾ ಒಬ್ಬಾಕಿ. ಸುಮ್ಕ ಕುಂದರ್ರಿ.”

“ಹಾಳಿ ತುಂಬ್ರಿ, ನಮ್ಮ ಉಡಿ ಖಾಲಿ ಮಾಡಿ ಕಳಸ್ರಿ!”

ಗದ್ದಲ ಕೇಳಿ ಡಾಕ್ಟರ್ ಗುರುಪುತ್ರಪ್ಪ ಊಟ ಬಿಟ್ಟು ಬಂದ. ಹಾಳೆ ನೋಡಿ, “ಎಲ್ಲಾ ಛಲೋ ಐತಿ,” ಎಂದು ತಿರುಗಿದ. ಮಾಯಕ್ಕ ಬಾಗಿಲಿಗೆ ಅಡ್ಡ ನಿಂತಳು.

“ಹಾಳಿ ಹಡ್ಯೂದಿಲ್ರಿ ಸಾಹೇಬ್ರ. ಹೊಟ್ಟಿಗೆ ಕಿವಿ ಕೊಡ್ರಿ.”

ಸಿಡುಕುತ್ತಲೇ ಕೊಳವೆ ಹಚ್ಚಿದ. ಎಣಿಸಿದ. ಮತ್ತೊಮ್ಮೆ ಎಣಿಸಿದ. “ಎಂಬತ್ತೆಂಟು! ಗಾಡಿ ತಗೀರಿ, ಬೆಳಗಾವಿಗೆ ಒಯ್ಯಬೇಕು, ಆಪರೇಶನ್ ಆಗಬೇಕು.”

ಗಂಗಾದೇವಿ ಹಾಳೆ ಹರಿಯಲು ಕೈಹಾಕಿದಳು. ಪದ್ಮವ್ವ ಅವಳ ಮಣಿಕಟ್ಟು ಹಿಡಿದಳು. “ಹರೀಬ್ಯಾಡ್ರಿ. ಈಗ ಕೇಳಿದ್ದನ್ನ ನನ್ನ ಕಣ್ಣ ಮುಂದ ಬರೀರಿ.”

ಡಾಕ್ಟರ್ ಸುಳ್ಳು ಅಂಕಿಗಳ ಮೇಲೆ ಗೀರೆಳೆದು, ಕೆಳಗೆ ನಿಜವಾದ ಗಂಟೆ, ನಿಜವಾದ ಬಡಿತ ಬರೆದ.

ಬೆಳಗಾವಿಯ ಡಾಕ್ಟರಮ್ಮ ಜೊತೆಗೆ ತಂದ ಹಾಳೆಯ ಆ ಒಂದು ಸಾಲು ಓದಿ, ಬೇರೇನೂ ಕೇಳದೆ ಪದ್ಮವ್ವನನ್ನು ಒಳಗೆ ಒಯ್ದಳು. ಹೆಣ್ಣು ಕೂಸು. ನೀಲಿಗಟ್ಟಿತ್ತು, ಬೆನ್ನು ತಿಕ್ಕಿದ ಮೇಲೆ ಅತ್ತಿತು. ಡಾಕ್ಟರಮ್ಮ ನಕಲು ತೆಗೆದಿಟ್ಟುಕೊಂಡು ಮರಳಿ ಕೊಟ್ಟ ಹಾಳೆಯನ್ನು ಮಾಯಕ್ಕ ಕುಪ್ಪಸದಲ್ಲಿ ಮಡಚಿಟ್ಟುಕೊಂಡಳು.

ಮೂರನೆಯ ದಿನ ಖಾನಾಪುರದ ಹೆರಿಗೆಮನೆಯ ಕಂಪೌಂಡರ್ ಬೀರಣ್ಣ ಮೋಸಂಬಿ ಹಿಡಿದುಕೊಂಡು ಬಂದ. “ಆಯೀ, ಆ ಹಾಳಿ ಅಷ್ಟ ಕೊಡ್ರಿ. ಚಂದಾಗಿ ಬರದ ತರತೀವಿ.”

“ಹಣ್ಣ ಇಟ್ಟ ಹೋಗಪಾ, ಬಾಣಂತಿ ತಿಂತಾಳ. ಹಾಳಿ ತಪಾಸಣಿಯವ್ರ ಕೈಯಾಗ ಕೊಡಾಕ ನಾನ ಹೊಂಟೇನಿ.”