ಮೊದಲು ದೀಪ ಇಳಿಸಬೇಕು

ಮಸುಕು ಗಾಜಿನ ಬಾಗಿಲಾಚೆ ಟೇಬಲ್ ಫ್ಯಾನು ಬೇಡ ಬೇಡ ಬೇಡ ಎಂದು ತಲೆ ಆಡಿಸುತ್ತಿದೆ, ಈ ಮೂಲೆಯಿಂದ ಆ ಮೂಲೆಗೆ, ಆ ಮೂಲೆಯಿಂದ ಈ ಮೂಲೆಗೆ, ಎಷ್ಟೊಂದು ಖಚಿತ ಅದಕ್ಕೆ, ಹೊರಗೆ ಬೆಂಚಿನ ಮೇಲೆ ಕುಳಿತ ಅವಳು ಅದನ್ನೇ ನೋಡುತ್ತ ಹೂಂ ಹೂಂ ಎಂದು ತಲೆ ತೂಗುತ್ತಿದ್ದಾಳೆ — ಥೂ, ಫ್ಯಾನಿಗೂ ತಲೆ ತೂಗುವುದೇ, ಅರವತ್ತೆಂಟು ತುಂಬಿತು, ಈ ಕತ್ತಿಗೊಂದು ಕಡಿವಾಣ ಬೇಡವೇ — ಮಡಿಲಿನ ಚೀಲವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದರೆ ಕತ್ತೂ ನಿಂತೀತು, ಚೀಲದ ಪಟ್ಟಿಯ ಮೇಲೆ ಹೆಬ್ಬೆರಳು ಹರಿದಾಡಿತು, ಅಲ್ಲಿ ಹೊಸ ಹೊಲಿಗೆ, ಜೋಡಿ ಸಾಲು, ನೀಲಿ ದಾರ, ಅವಳು ಪ್ರಶ್ನೆ ಕೇಳಲು ಹೋದ ಮನೆಯ ಟೈಲರಕ್ಕ ಮಾತಾಡುತ್ತ ಮಾತಾಡುತ್ತಲೇ ಚೀಲ ಎಳೆದುಕೊಂಡು ಹೊಲಿದುಕೊಟ್ಟದ್ದು, ಬಿಡಿಯಮ್ಮಾ, ದಾರಿಯಲ್ಲಿ ಕಿತ್ತು ಹೋದ್ರೆ ನಿಮ್ಮ ಕಾಗದ ಎಲ್ಲ ಬೀದಿಪಾಲು, ಆಮೇಲೆ ನಮ್ಮ ಮನಸ್ಸಲ್ಲಿ ಇರೋದನ್ನ ನಾಯಿ ಓದುತ್ತೆ. ಒಳಗೆ ಕಾಗದ ತಿರುವುವ ಸದ್ದು. ಒಳಗೆ ಇಬ್ಬರು, ಮಗಳ ವಯಸ್ಸಿನ ಸಮೀಕ್ಷೆ ಮೇಲ್ವಿಚಾರಕಿ ಮತ್ತು ಗೋಡೆಯಣ್ಣ. ಗೋಡೆಯಣ್ಣ ಎಂದರೆ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದವನು, ಈಗ ಅವಳ ಹಾಗೆಯೇ ಮನೆಮನೆಗೆ ಹೋಗಿ ಪ್ರಶ್ನೆ ಕೇಳುವ ಕೆಲಸದವನು, ನಗು ಬರಲಿ ಅಳು ಬರಲಿ ಮುಖ ಸುಣ್ಣ ಹೊಡೆದ ಗೋಡೆ. ನಾಲ್ಕು ದಿನದಿಂದ ಅವನು ಅವಳ ನೂರ ನಲವತ್ತು ಮನೆಗಳಲ್ಲಿ ಇಪ್ಪತ್ತನ್ನು ಆರಿಸಿಕೊಂಡು ಅದೇ ಪ್ರಶ್ನೆಯನ್ನು ಮತ್ತೆ ಕೇಳಿ ಬಂದಿದ್ದಾನೆ, ಉತ್ತರ ಬೇರೆಯಾಗಿದ್ದರೆ ಅವಳ ಆರು ವಾರದ ಕೆಲಸವೆಲ್ಲ ಕಸದ ಬುಟ್ಟಿಗೆ — ಹೋದರೆ ಹೋಗಲಿ, ಅದಲ್ಲ, ಅದಲ್ಲ, ಕಾಗದ ಹೋದರೆ ಇನ್ನೊಂದು ಕಾಗದ, ಟೈಲರಕ್ಕನಿಗೆ ತಾನು ಮೋಸ ಮಾಡಿದೆನೇ ಎಂಬುದೊಂದು ಗೊತ್ತಾಗಬೇಕು — ಟೈಲರಕ್ಕ ಹೇಳಿದ ಹಗ್ಗದ ತುದಿಯ ಆ ದೀಪ ಕಣ್ಣೆದುರು ತೂಗಿತು, ಮರೆಯಾಯಿತು.

ಪ್ರಶ್ನೆಯೇನೋ ನೆಟ್ಟಗೇ ಇದೆ, ಸಿಮೆಂಟ್ ಕಾರ್ಖಾನೆಯ ಚಿಮಣಿಯಿಂದ ಹೊರಡುವ ಇಂಗಾಲದ ಅನಿಲವನ್ನು ಗಾಳಿಗೆ ಬಿಡದೆ ಹಿಡಿದು, ಒತ್ತಿ, ಕೊಳವೆಯಲ್ಲಿ ಊರಾಚೆಗೆ ಸಾಗಿಸಿ, ಒಂದೂವರೆ ಕಿಲೋಮೀಟರ್ ಆಳದ ಕಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ ತುಂಬಿ ಇಡುವುದು ನಿಮಗೆ ಒಪ್ಪಿಗೆಯೇ, ಏಳು ಮೆಟ್ಟಿಲು, ಒಂದು ಎಂದರೆ ಸುತರಾಂ ಬೇಡ, ಏಳು ಎಂದರೆ ಧಾರಾಳವಾಗಿ ಆಗಲಿ. ಮೊದಲ ಸುತ್ತಿನಲ್ಲಿ ಏನೂ ವಿವರಿಸದೆ ಕೇಳುವುದು. ಎರಡನೆಯ ಸುತ್ತಿನಲ್ಲಿ ಮೂರು ಕಾರ್ಡು ಓದಿ ಕೇಳುವುದು, ಇದು ಏನು, ಇದರಿಂದ ಒಳ್ಳೆಯದೇನು, ಇದರಲ್ಲಿ ಕೆಡುವುದೇನು, ತಿಳಿದ ಮೇಲೆ ಮನಸ್ಸು ಎಲ್ಲಿಂದ ಎಲ್ಲಿಗೆ ನಡೆಯುತ್ತದೆ ನೋಡುವುದಕ್ಕೆ. ಮೊದಲ ಸುತ್ತು ನೆನೆದರೆ ಈಗಲೂ ನಗು, ಸೈಕಲ್ ಅಂಗಡಿಯ ಮುದುಕ ಆರು ಹಾಕ್ಕೊಳ್ಳಿ ಆರು ಎಂದು ಕೈ ಒರೆಸಿಕೊಂಡು ಆಮೇಲೆ ಕೇಳಿದ, ಯಾವುದಕ್ಕೆ ಅಂದ್ರಿ? ಕ್ಷೌರಿಕ ಕತ್ತರಿ ಎತ್ತಿ ಹಿಡಿದು, ಭೂಮಿಗೆ ಹೊಟ್ಟೆ ಉಬ್ಬರ ಬಂದ್ರೆ ಯಾವ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀರಿ, ಎರಡು. ಗೊತ್ತಿಲ್ಲದೆ ಇದ್ದರೂ ಒಂದು ಸಂಖ್ಯೆ ಹೇಳಿ ಕಳಿಸುತ್ತಾರೆ ಜನ, ಬಾಗಿಲಿಗೆ ಬಂದವಳನ್ನು ಬರಿಗೈಲಿ ಕಳಿಸಬಾರದು ಅಂತ, ಪಾಪ. ಅವಳಿಗೆ ಇದ್ದ ಕಟ್ಟುನಿಟ್ಟು ಒಂದೇ, ಕಾರ್ಡಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಓದಿ, ಅವರು ಏನು ಕೇಳಿದರೂ ನಿಮಗೆ ಹೇಗನ್ನಿಸುತ್ತೋ ಹಾಗೆ ಎಂದಷ್ಟೇ ಅನ್ನಿ, ಮುಖದಲ್ಲಿ ಹೌದೂ ಇರಬಾರದು ಅಲ್ಲವೂ ಇರಬಾರದು, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ದನಿಯ ಮಟ್ಟಿಗೆ ಅವಳನ್ನು ಹಿಡಿಯುವವರಿಲ್ಲ, ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೂತವಳು, ತಂತಿಯ ಆ ತುದಿಯಲ್ಲಿ ಹೆರಿಗೆ, ಸಾವು, ಜಗಳ, ನಿಶ್ಚಯವಾದ ಮದುವೆ, ಈ ತುದಿಯಲ್ಲಿ ಒಂದೇ ಸಮನಾದ ದನಿ, ಕೊಡ್ತೀನಿ, ಲೈನಿನಲ್ಲಿರಿ — ಆದರೆ ಕತ್ತು! ಆಸ್ಪತ್ರೆಗೆ ಕೊಡಿ ಬೇಗ ಕೊಡಿ ಎಂದು ಯಾರೋ ಅತ್ತರೆ ಕತ್ತು ತಾನಾಗಿ ಹೂಂ ಹೂಂ ಅನ್ನುತ್ತಿತ್ತು, ಕೇಳಿಸಿತು ತಾಯಿ, ಕೇಳಿಸಿತು ಅಂತ, ಮೂವತ್ತೊಂದು ವರ್ಷ ಯಾರ ಕಣ್ಣಿಗೂ ಬೀಳದೆ ತೂಗಿದ ತಲೆ, ಈಗ ಜನರ ಎದುರು ಕೂತಾಗಲೂ ತೂಗುತ್ತದೆ ಎಂದು ಅವಳಿಗೆ ಹೊಳೆಯಲೇ ಇಲ್ಲವಲ್ಲ.

ಟೈಲರಕ್ಕನ ಎದುರಲ್ಲಿ ಎಷ್ಟು ಸಲ ತೂಗಿತೋ. ಮೊದಲ ಸುತ್ತಿನಲ್ಲಿ ಅವಳು ಹೊಲಿಗೆ ಯಂತ್ರದಿಂದ ಕಾಲು ತೆಗೆಯದೆ ಕೇಳಿದ್ದಳು, ಒಂದಕ್ಕಿಂತ ಕೆಳಗೆ ಮೆಟ್ಟಿಲು ಇಲ್ವಾ ನಿಮ್ಮ ಹತ್ರ? ಟೈಲರಕ್ಕನ ಅಪ್ಪ ಬಾವಿ ಹೂಳೆತ್ತುವವನು. ಇಳಿಯುವ ಮೊದಲು ಹಗ್ಗದ ತುದಿಗೆ ದೀಪ ಕಟ್ಟಿ ಕೆಳಗೆ ಬಿಡುವುದು, ಉರಿದರೆ ಇಳಿಯುವುದು, ಆರಿದರೆ ಆ ದಿನ ಬಾವಿಗೆ ರಜೆ, ಹಗ್ಗ ಹಿಡಿಯುವುದು ಒಂಬತ್ತು ವರ್ಷದ ಮಗಳ ಕೆಲಸ, ಎರಡೂ ಕೈಯಲ್ಲಿ, ಕಪ್ಪು ದುಂಡನೆಯ ಆಳದಲ್ಲಿ ಒಂದು ಹಳದಿ ಚುಕ್ಕೆ ಇಳಿಯುತ್ತ ಇಳಿಯುತ್ತ. ಒಂದು ದಿನ ಮಾತ್ರ, ನಿನ್ನೆ ತಾನೇ ಇಳಿದ ಬಾವಿ ಇದು ಮಗಾ, ಇದನ್ನೇನು ನೋಡೋದು ಅಂತ ದೀಪ ಬಿಡದೆ ಇಳಿದ. ನೆಲದ ಕೆಳಗೆ ಗಾಳಿ ತುಂಬ್ತೀವಿ ಅಂತ ನನ್ನ ಹತ್ರ ಬಂದು ಕೇಳ್ತೀರಲ್ಲಮ್ಮಾ. ಇವಳ ತಲೆ ತೂಗಿತು. ಒಂದು ಎಂದು ಬರೆದುಕೊಂಡು ಬಂದಳು. ತಿಂಗಳಾದ ಮೇಲೆ ಎರಡನೆಯ ಸುತ್ತು, ಮೊದಲ ಕಾರ್ಡಿಗೆ ಯಂತ್ರ ನಿಲ್ಲಲಿಲ್ಲ, ಎರಡನೆಯದಕ್ಕೂ ನಿಲ್ಲಲಿಲ್ಲ, ಊರಿನ ಹೊಗೆ ಕಮ್ಮಿ ಆಗುತ್ತೆ ಅಂತಾರೆ, ಆಗಲಿ ಪಾಪ ಎಂದು ಚೀಲದ ಪಟ್ಟಿ ಹೊಲಿಯುತ್ತಿದ್ದಳು, ಮೂರನೆಯದನ್ನು ಇವಳು ಓದಿದಳು, ಈ ಅನಿಲ ಉರಿಯುವುದಿಲ್ಲ, ಆದರೆ ಗಾಳಿಗಿಂತ ಭಾರ, ಕೊಳವೆ ಒಡೆದರೆ ತಗ್ಗಿನ ಜಾಗದಲ್ಲಿ ನಿಲ್ಲಬಹುದು, ಹೆಚ್ಚಾಗಿ ಸೇರಿದರೆ ಅಲ್ಲಿರುವವರ ಪ್ರಾಣಕ್ಕೆ ಅಪಾಯ, ಹಳೆಯ ಬಾವಿಗಳಲ್ಲಿಯೂ ಇದೇ ಅನಿಲ ತಾನಾಗಿ ಸೇರುವುದುಂಟು — ಯಂತ್ರ ನಿಂತಿತು. ಇನ್ನೊಂದ್ಸಲ ಓದಿ. ಓದಿದಳು. ಇದೇನಾ? ನಮ್ಮಪ್ಪನ್ನ ತಗೊಂಡಿದ್ದು ಇದೇನಾ? ನಲವತ್ತು ವರ್ಷದಿಂದ ಕೆಟ್ಟ ಗಾಳಿ ಅಂದ್ರು, ದೆವ್ವ ಅಂದ್ರು, ನಾನು ಹಗ್ಗ ಸರಿಯಾಗಿ ಹಿಡೀಲಿಲ್ಲ ಅಂದವರೂ ಉಂಟು, ಹೆಸರು ಯಾರೂ ಹೇಳಲಿಲ್ಲವಲ್ಲಮ್ಮಾ. ನಿಮಗೆ ಹೇಗನ್ನಿಸುತ್ತೋ ಹಾಗೆ ಎಂದು ಅನ್ನಬೇಕಿತ್ತು, ಅನ್ನದೆ ಕಾರ್ಡಿನ ಉಳಿದ ಸಾಲು ಓದಿದಳು, ಕೊಳವೆಯ ಉದ್ದಕ್ಕೂ ತಗ್ಗಿನ ಜಾಗಗಳಲ್ಲಿ ಅನಿಲ ಅಳೆಯುವ ಯಂತ್ರಗಳನ್ನು ಇಡುವ ಯೋಜನೆಯಿದೆ. ಟೈಲರಕ್ಕ ಕಣ್ಣು ಒರೆಸಿಕೊಂಡು, ಅಂದ್ರೆ ದೀಪ ಇಳಿಸ್ತಾರೆ. ಆಗ ತಲೆ ತೂಗಿತು, ಇದು ನೆನಪಿದೆ, ಚೆನ್ನಾಗಿ ನೆನಪಿದೆ. ಹಾಗಾದ್ರೆ ಐದು ಹಾಕ್ಕೊಳ್ಳಿ. ಒಂದರಿಂದ ಐದಕ್ಕೆ, ಒಂದೇ ಜಿಗಿತ, ಐದು ಎಂದು ಬರೆದದ್ದು ಇದೇ ಕೈ, ಮತ್ತು ಕೊಳವೆ ಹೋಗುವುದು ಟೈಲರಕ್ಕನ ಕೊನೆಯ ಮಗಳು ಓದುವ ಶಾಲೆಯ ಹಿಂದಿನ ತಗ್ಗಿನ ಪಕ್ಕದಲ್ಲೇ.

ಆಮೇಲೆ ಕಚೇರಿಯಲ್ಲಿ ಆ ಶುಕ್ರವಾರದ ಸಭೆ, ಗೋಡೆಯ ಮೇಲೆ ಬೀದಿ ಬೀದಿಯ ಒಪ್ಪಿಗೆ ಅಳೆದ ಕಂಬಗಳ ಚಿತ್ರ, ಎಲ್ಲರ ಬೀದಿಯಲ್ಲೂ ಕಾರ್ಡು ಓದಿದ ಮೇಲೆ ಕಂಬ ಒಂದಿಷ್ಟು ಏರಿತ್ತು, ಕೆಲವು ಇಳಿದಿದ್ದವು, ಅವಳ ಬೀದಿಗಳದ್ದು ಮಾತ್ರ ಎಲ್ಲರಿಗಿಂತ ಮೇಲೆ. ಅಮ್ಮ ಏನೋ ಮಂತ್ರ ಹಾಕ್ತಾರಪ್ಪ ಎಂದು ಯಾರೋ ಹಿಂದಿನಿಂದ. ಎಲ್ಲರೂ ನಕ್ಕರು, ಅವಳೂ ನಕ್ಕಳು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಕೈ ತಾನಾಗಿ ಕತ್ತಿಗೆ ಹೋಯಿತು. ಭಾನುವಾರ ತಮ್ಮನ ಮನೆಯಲ್ಲಿ ಕಂಬದ ಸುದ್ದಿ ಬಾಯಿ ತಪ್ಪಿ ಹೇಳಿದರೆ ಅವನು ಬಿದ್ದು ಬಿದ್ದು ನಕ್ಕ, ಅಕ್ಕಾ, ನೀನು ಕೋಲೆಬಸವನ ಹಾಗೆ ತಲೆ ಆಡಿಸಿದ್ರೆ ಎದುರಿಗಿರೋ ದೀಪದ ಕಂಬಾನೂ ಹೂಂ ಅನ್ನುತ್ತೆ, ಆಡಿಸು ಆಡಿಸು, ನಮ್ಮ ಕುಲುಮೆ ಉಳೀಲಿ. ಅವನು ಅದೇ ಕಾರ್ಖಾನೆಯ ಕುಲುಮೆಯ ಹತ್ತಿರ ಇಪ್ಪತ್ತಾರು ವರ್ಷದಿಂದ ಬೇಯುತ್ತಿರುವವನು, ಹೊಗೆ ಹಿಡಿಯುವ ವ್ಯವಸ್ಥೆ ಬರದಿದ್ದರೆ ಎರಡು ವರ್ಷದಲ್ಲಿ ಕುಲುಮೆ ಆರಿಸುತ್ತಾರೆ ಎಂಬ ಮಾತಿದೆ. ಅವನು ನಗುತ್ತಲೇ ಇದ್ದ, ಹಾಗಾದರೆ ಕತ್ತು ತಮ್ಮನ ಪರವಾಗಿ ವಕಾಲತ್ತು ಮಾಡುತ್ತಿತ್ತೇ, ಕೇಳಿಸಿತು ತಾಯಿ ಎಂದು ತೂಗಿದ್ದೋ, ಆಗಲಿ ಅನ್ನಿ ತಾಯಿ ಎಂದು ತೂಗಿದ್ದೋ, ತನ್ನ ತಲೆಯ ವಿಚಾರ ತನಗೇ ಗೊತ್ತಿಲ್ಲವಲ್ಲ, ದೀಪ ಇಳಿಸುತ್ತಾರೆ ಅಂದಾಗ ತೂಗಿದಳಲ್ಲ, ಇಳಿಸುತ್ತಾರೋ ಬಿಡುತ್ತಾರೋ ಇವಳೇನು ಬಲ್ಲಳು, ಕಾರ್ಡಿನಲ್ಲಿ ಯೋಜನೆಯಿದೆ ಎಂದಷ್ಟೇ ಇತ್ತು, ನಿನ್ನೆ ತಾನೇ ಇಳಿದ ಬಾವಿ ಇದು ಮಗಾ — ಸೋಮವಾರ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಬಂದು ಇದೇ ಬೆಂಚಿನಲ್ಲಿ ಕೂತಿದ್ದಳು, ನಾನು ತಲೆ ಆಡಿಸ್ತೀನಿ ಕಣಮ್ಮ, ನನ್ನ ಕಾಗದಗಳನ್ನ ನಂಬಬೇಡ, ನನ್ನ ತಮ್ಮ ಅಲ್ಲೇ ಕೆಲಸದಲ್ಲಿದ್ದಾನೆ, ಅದನ್ನೂ ಬರ್ಕೊ. ಮೇಲ್ವಿಚಾರಕಿ ಹುಡುಗಿ ಬೈಯಲಿಲ್ಲ. ತಾನು ಕುಡಿಯಲು ಇಟ್ಟುಕೊಂಡಿದ್ದ ಚಹಾವನ್ನು ಇವಳ ಕಡೆ ಸರಿಸಿ, ಒಳ್ಳೇದಾಯ್ತು ಹೇಳಿದ್ದು, ಗೋಡೆಯಣ್ಣನ್ನ ಕಳಿಸೋಣ, ಅವರ ಮುಖ ನೋಡಿ ಯಾರೂ ಏನೂ ಬದಲಾಯಿಸಲ್ಲ ಎಂದಳು.

ಬನ್ನಿ ಅಮ್ಮಾ. ಬಾಗಿಲು ತೆರೆಯಿತು, ಎದ್ದಳು, ಮಂಡಿ ಕಟಕ್ ಅಂದಿತು, ಒಳಗೆ ಕಾಲಿಡುವಾಗ ಕೆಮ್ಮು, ಹುಡುಗಿ ಕೈ ಚಾಚಿ ಫ್ಯಾನಿನ ಗುಂಡಿ ಒತ್ತಿದಳು, ಫ್ಯಾನು ಬೇಡ ಅನ್ನುವುದನ್ನು ಅರ್ಧಕ್ಕೇ ನಿಲ್ಲಿಸಿತು. ಕೂತ್ಕೊಳ್ಳಿ. ಗೋಡೆಯಣ್ಣ ಕುರ್ಚಿ ಎಳೆದುಕೊಟ್ಟ, ಮುಖ ಹಾಗೇ, ಸುಣ್ಣ ಹಾಗೇ, ಏನಿದೆಯೋ ಆ ಕಾಗದದಲ್ಲಿ, ಇಪ್ಪತ್ತು ಮನೆ ಎಂದು ಅವನು ಟಿಕೆಟ್ ಕೇಳುವ ದನಿಯಲ್ಲಿ ಶುರು ಮಾಡಿದ, ಒಂದಕ್ಕೆ ಬೀಗ, ಹದಿಮೂರು ಇದ್ದ ಮೆಟ್ಟಿಲಲ್ಲೇ ಇವೆ, ಎರಡು ಮೇಲೆ, ನಾಲ್ಕು ಕೆಳಗೆ. ನನ್ನ ಬೀದಿಯಲ್ಲಿ ಮತ್ತೆ ಕೇಳಿದ್ರೂ ಇಷ್ಟು ಹೆಚ್ಚುಕಮ್ಮಿ ಆಗುತ್ತೆ. ಹಾಗಾದರೆ, ಹಾಗಾದರೆ ನನ್ನ ಕಂಬ ಅಷ್ಟು ಎತ್ತರ ಯಾಕೆ? ಹುಡುಗಿ ಹೇಳುತ್ತಿದ್ದಾಳೆ, ಖಚಿತವಾಗಿ ನನಗೂ ಗೊತ್ತಿಲ್ಲ ಅಮ್ಮಾ, ಆದ್ರೆ ಬೇರೆಯವರು ಒಂದು ಮನೆಗೆ ಹನ್ನೆರಡು ನಿಮಿಷ, ನೀವು ನಲವತ್ತು, ನಿಮ್ಮ ಮನೆಗಳಲ್ಲಿ ಜನ ಮೂರನೇ ಕಾರ್ಡನ್ನ ಎರಡೆರಡು ಸಲ ಓದಿಸಿದಾರೆ, ಕೆಡೋದೇನು ಅಂತ ಮುಚ್ಚಿಡದೆ ಹೇಳಿದ್ರೆ ಕೆಲವರಿಗೆ ಧೈರ್ಯ ಬರುತ್ತೋ ಏನೋ — ಮಾತು ಕಿವಿಯ ಪಕ್ಕದಲ್ಲೇ ಹಾದುಹೋಗುತ್ತಿದೆ, ಅವಳಿಗೆ ಒಂದೇ ಮನೆ ಬೇಕು. ಟೈಲರಕ್ಕ? ಗೋಡೆಯಣ್ಣ ಕಾಗದ ಹುಡುಕಿದ. ಕೆಳಗೆ ಇಳಿದ ನಾಲ್ಕರಲ್ಲಿ ಒಂದು. ಐದಿದ್ದದ್ದು ನಾಲ್ಕು. ಅವಳು ಚೀಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು, ಆದರೆ ಅವನು ಹಾಳೆ ತಿರುಗಿಸಿ ಓದುತ್ತಿದ್ದಾನೆ, ಕಾರಣ ಬರೆಯಲು ಒಂದೇ ಗೆರೆ ಇರುವುದು, ಅವನು ಹಿಂಬದಿಯ ತುಂಬ ಬರೆದುಕೊಂಡಿದ್ದಾನೆ, ಒಂದಕ್ಷರ ಬಿಡದೆ, ಯೋಚನೆ ಮಾಡಿದೆ ಅಣ್ಣಾ, ದೀಪ ಇಳಿಸ್ತೀವಿ ಅಂದ್ರೆ ಸಾಲದು, ಶಾಲೆ ಹಿಂದೆ ಎಲ್ಲಿ ಇಡ್ತಾರೆ, ಆರಿದ್ರೆ ಯಾರು ಓಡಿ ಬಂದು ಹೇಳ್ತಾರೆ, ಅಷ್ಟು ತೋರಿಸಲಿ, ಆ ಒಂದು ಮೆಟ್ಟಿಲು ಅಲ್ಲೀವರೆಗೆ ನನ್ನ ಹತ್ರಾನೇ ಇರ್ಲಿ. ಆಮೇಲೆ ನಾನೇ ಕೇಳಿದೆ ಎಂದ ಗೋಡೆಯಣ್ಣ, ಹೋದ ಸಲ ಆ ಅಮ್ಮ ತಲೆ ಆಡಿಸಿದ್ದಕ್ಕೆ ಐದು ಅಂದಿದ್ರಾ ಅಂತ. ಜೋರಾಗಿ ನಕ್ಕುಬಿಟ್ರು, ಅಯ್ಯೋ, ಅವರು ನಾನು ಬೇಡ ಅಂದಾಗಲೂ ತಲೆ ಆಡಿಸಿದ್ರು, ಬೇಕು ಅಂದಾಗಲೂ ಆಡಿಸಿದ್ರು, ನನ್ನ ಯಂತ್ರ ಟಕಟಕ ಅಂದ್ರೆ ಅದಕ್ಕೂ ಆಡಿಸಿದ್ರು, ಅದನ್ನ ನಂಬ್ಕೊಂಡು ಯಾರಾದ್ರೂ ಮಗಳನ್ನ ಒತ್ತೆ ಇಡ್ತಾರಾ? ಕೇಳಿಸ್ಕೊಳ್ತಿದ್ರು ಅಷ್ಟೇ. ಯಾರೋ ಕೇಳಿಸ್ಕೊಳ್ತಾರೆ ಅಂತ ಗೊತ್ತಾದ್ರೆ ನಮಗೂ ಯೋಚನೆ ಮಾಡೋಣ ಅನ್ನಿಸುತ್ತೆ.

ನಾಲ್ಕು, ಟೈಲರಕ್ಕನದೇ ನಾಲ್ಕು, ಯಾರ ಕತ್ತೂ ತಳ್ಳದ ನಾಲ್ಕು, ತಮ್ಮನಿಗೆ ಸಿಟ್ಟು ಬರಬಹುದು, ಬರಲಿ, ಎದೆಯ ಮೇಲಿನ ಚಪ್ಪಡಿ ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗೆ ಉಸಿರು ಹೊಟ್ಟೆಯ ತಳದವರೆಗೂ ಹೋಗಿ ಬಂತು, ಕಣ್ಣು ಮಂಜಾಯಿತು, ಮಂಜಿನಲ್ಲೇ ಕಂಡಿತು, ಗೋಡೆಯಣ್ಣನ ಅಂಗಿಯ ಮೂರನೆಯ ಗುಂಡಿ, ಬಿಳಿ ಅಂಗಿಗೆ ನೀಲಿ ದಾರ, ನಿಮಗೂನಾ? ಗೋಡೆಯಣ್ಣ ಅಂಗಿ ಮುಟ್ಟಿ ನೋಡಿಕೊಂಡ, ಬೇಡ ಅಂದೆ, ಕೇಳಲಿಲ್ಲ ಎಂದ, ಆಗ ಆ ಸುಣ್ಣದ ಗೋಡೆಯಲ್ಲಿ ಒಂದು ಸಣ್ಣ ಬಿರುಕು, ನಗು ಅನ್ನಬಹುದೇನೋ. ಹುಡುಗಿ ಆ ಹಿಂಬದಿಯ ಬರಹದ ಪ್ರತಿ ತೆಗೆದು ಕಾರ್ಖಾನೆಯವರಿಗೆ ಕಳಿಸುವ ಕಡತದಲ್ಲಿ ಎಲ್ಲದಕ್ಕಿಂತ ಮೇಲೆ ಇಡುತ್ತಿದ್ದಾಳೆ, ಉತ್ತರ ಬರೋವರೆಗೆ ಬಿಡಲ್ಲ, ಅಮ್ಮಾ, ಮೂರನೇ ಸುತ್ತು ಫೋನಿನಲ್ಲಿ ಮಾಡ್ತಿದ್ದೀವಿ, ನಿಮ್ಮ ಬೀದಿಗಳನ್ನ ನೀವೇ ಮಾಡಿ, ಎಷ್ಟು ಬೇಕಾದ್ರೂ ತಲೆ ಆಡಿಸ್ಕೊಳ್ಳಿ — ಹೂಂ ಎಂದು ತಲೆ ತೂಗಿತು, ಮೂವರೂ ನಕ್ಕರು, ಮನಸ್ಸಿನಲ್ಲಿ ಆಗಲೇ ಮತ್ತೆ ಕಿವಿಗೆ ಯಂತ್ರ, ಮತ್ತೆ ತಂತಿ, ಹಲೋ, ಟೈಲರಕ್ಕಾ, ಲೈನಿನಲ್ಲಿರಿ, ಆ ಕಡೆ ಹೊಲಿಗೆ ಯಂತ್ರದ ಟಕಟಕ, ಹೆಬ್ಬೆರಳ ಕೆಳಗೆ ಚೀಲದ ಪಟ್ಟಿ, ಪಟ್ಟಿಯಲ್ಲ ಹಗ್ಗ, ಎರಡೂ ಕೈಯಲ್ಲಿ ಬಿಗಿಯಾಗಿ, ಒಂಬತ್ತು ವರ್ಷದ ಹುಡುಗಿ ಬಾವಿಕಟ್ಟೆಗೆ ಹೊಟ್ಟೆ ಆನಿಸಿ ಬಗ್ಗಿದ್ದಾಳೆ, ಅವಸರ ಇಲ್ಲ, ಇಂದು ಯಾರೂ ಇಳಿಯುವ ಹಾಗಿಲ್ಲ, ಮೊದಲು ದೀಪ, ಹಗ್ಗ ಒಂದು ಗೇಣು, ಇನ್ನೊಂದು ಗೇಣು, ಕಪ್ಪು ದುಂಡನೆಯ ಆಳದಲ್ಲಿ ಹಳದಿ ಚುಕ್ಕೆ, ಕೆಳಗೆ, ಇನ್ನೂ ಕೆಳಗೆ, ತೂಗುತ್ತ, ಉರಿಯುತ್ತಿದೆ — ಇನ್ನೂ ಉರಿಯುತ್ತಿದೆ