ನೂರ ನಲವತ್ತಕ್ಕೆ ನೂರ ನಲವತ್ತು

ನಮ್ಮೂರಿನ ಪ್ರೋಗ್ರಾಮರ್‌ಗಳ ಬಳಗಕ್ಕೆ ಆರು ವರ್ಷ. ತಿಂಗಳ ಎರಡನೇ ಶನಿವಾರ ಬೆಳಿಗ್ಗೆ ಹತ್ತಕ್ಕೆ ಗ್ರಂಥಾಲಯದ ಮೇಲ್ಮಹಡಿಯಲ್ಲಿ ಸಭೆ. ಒಬ್ಬರದು ಭಾಷಣ, ಆಮೇಲೆ ಪ್ರಶ್ನೋತ್ತರ. ಪ್ರಶ್ನೋತ್ತರ ಅಂದರೆ, ಪ್ರಶ್ನೆ ಕೇಳುವ ನೆಪದಲ್ಲಿ ಇನ್ನೊಬ್ಬರು ತಮ್ಮ ಭಾಷಣ ಮಾಡುವುದು. ಪಟ್ಟಿಯಲ್ಲಿರುವ ಸದಸ್ಯರು ನೂರ ನಲವತ್ತು. ಬರುವವರು ಹನ್ನೆರಡು, ಬಿಸ್ಕತ್ತು ಇದೆಯೆಂದು ಗೊತ್ತಾದರೆ ಹದಿನಾಲ್ಕು. ಇದೆಲ್ಲದರ ಸಂಚಾಲಕರು ನಮ್ಮ ಯಜಮಾನರು.

ನಾನೂ ಅದೇ ಕಸುಬಿನವಳು. ಹನ್ನೊಂದು ವರ್ಷದಿಂದ ಟೆಸ್ಟರ್. ಬೇರೆಯವರು ಬರೆದ ಪ್ರೋಗ್ರಾಂ ಎಲ್ಲಿ ಕೈಕೊಡುತ್ತದೆ ಎಂದು ಹುಡುಕುವುದೇ ನನ್ನ ಕೆಲಸ. ಬಳಗದವರ ಪ್ರಕಾರ ಅಡುಗೆ ಮಾಡುವವರು ತಾವು, ಉಪ್ಪು ಕಡಿಮೆ ಅಂತ ಮೂಗು ಮುರಿಯುವವಳು ನಾನು. ಹೀಗಾಗಿ ಆರು ವರ್ಷದಲ್ಲಿ ಅಲ್ಲಿ ನಿಂತು ಮಾತಾಡುವ ಸರದಿ ನನಗೆ ಒಮ್ಮೆಯೂ ಬಂದಿರಲಿಲ್ಲ. ಮೂರು ಸಲ ಬಂದ ಹಾಗೆ ಮಾಡಿ ತಪ್ಪಿಹೋಗಿತ್ತು. ಈ ತಿಂಗಳು ಖಂಡಿತ ಎಂದು ಯಜಮಾನರು ಮಾತು ಕೊಟ್ಟಿದ್ದರು. ನಾಲ್ಕು ವಾರ ಕೂತು ಹನ್ನೊಂದು ಹಾಳೆ ಬರೆದಿದ್ದೆ, ಕನ್ನಡಿಯ ಮುಂದೆ ನಿಂತು ಓದಿ ನೋಡಿದ್ದೆ. ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ?

ಅಷ್ಟರಲ್ಲಿ ಇವರು ಆಮಂತ್ರಣ ಕಳಿಸುವ ಪ್ರೋಗ್ರಾಮನ್ನು ಹೊಸದಾಗಿ ಬರೆದರು. ಹಳೆಯದು ಚೆನ್ನಾಗಿಯೇ ನಡೆಯುತ್ತಿತ್ತು. ಇವರ ಕಣ್ಣಿಗೆ ಅದೇ ಅದರ ದೋಷ. ವರ್ಷಕ್ಕೊಂದು ಕಂಪ್ಯೂಟರ್ ಭಾಷೆ ಕಲಿಯುತ್ತಾರೆ, ಕಲಿತ ಸಂಭ್ರಮಕ್ಕೆ ಇದೇ ಬಡಪಾಯಿ ಪ್ರೋಗ್ರಾಮನ್ನು ಕೆಡವಿ ಮತ್ತೆ ಕಟ್ಟುತ್ತಾರೆ. ಅದು ಮಾಡುವ ಕೆಲಸ ಇಷ್ಟೇ: ಪ್ರತಿ ಸದಸ್ಯರಿಗೂ ಒಂದು ಮೇಲ್ ಹೋಗುತ್ತದೆ, ಅದರಲ್ಲಿ ‘ಬರುತ್ತೇನೆ’ ಎಂಬ ಹಸಿರು ಗುಂಡಿ ಇರುತ್ತದೆ, ಅದನ್ನು ಒತ್ತಿದರೆ ಇವರ ಪರದೆಯಲ್ಲಿ ಆ ಸದಸ್ಯರ ಹೆಸರಿನ ಮುಂದೆ ಟಿಕ್ ಬೀಳುತ್ತದೆ.

“ಕಳಿಸೋ ಮುಂಚೆ ಒಂದ್ಸಲ ನನಗೆ ಕೊಡ್ರೀ, ನೋಡ್ತೀನಿ,” ಅಂದೆ.

“ಇಷ್ಟು ಚಿಕ್ಕದಕ್ಕೂ ಟೆಸ್ಟಿಂಗಾ?” ಅಂದರು.

ಸೋಮವಾರ ಮೇಲ್ ಹೋಯಿತು. ಬುಧವಾರ ಸಂಜೆ ನಾನು ತರಕಾರಿ ಹೆಚ್ಚುತ್ತಿರುವಾಗ ಲ್ಯಾಪ್‌ಟಾಪನ್ನು ಕೂಸಿನ ಹಾಗೆ ಎತ್ತಿಕೊಂಡು ಅಡುಗೆಮನೆಗೆ ಬಂದರು.

“ನೋಡು! ನೂರ ನಲವತ್ತಕ್ಕೆ ನೂರ ನಲವತ್ತೂ ಬರ್ತಾರಂತೆ!”

“ರೀ, ಅದರಲ್ಲಿ ಇಬ್ಬರು ದೇಶ ಬಿಟ್ಟೇ ಹೋಗಿದ್ದಾರೆ. ಇನ್ನೊಬ್ಬರು ನಿಮ್ಮ ಜೊತೆ ಮಾತು ಬಿಟ್ಟು ಎರಡು ವರ್ಷ ಆಯ್ತು. ನಿಮಗೆ ಒಂಚೂರೂ ಅನುಮಾನ ಬರಲ್ವಾ?”

“ನಿನಗೆ ಒಳ್ಳೇದು ಕಣ್ಣಿಗೇ ಬೀಳಲ್ಲ ನೋಡು. ಎಲ್ಲದರಲ್ಲೂ ಹುಳುಕು!”

ಮರುದಿನವೇ ಮೇಲ್ಮಹಡಿಯ ಕೋಣೆ ಬಿಟ್ಟು ಕೆಳಗಿನ ದೊಡ್ಡ ಸಭಾಂಗಣ ಹಿಡಿದರು. ರಾತ್ರಿ ಊಟಕ್ಕೆ ಕೂತಾಗ ಗಂಟಲು ಸರಿಮಾಡಿಕೊಂಡರು. ಅವರು ಗಂಟಲು ಸರಿಮಾಡಿಕೊಂಡರೆ ನನಗೆ ಏನೋ ಕಾದಿದೆ ಎಂದೇ ಅರ್ಥ.

“ಅಷ್ಟೊಂದು ಜನ ಬರುವಾಗ ವಿಷಯಕ್ಕೂ ಸ್ವಲ್ಪ ತೂಕ ಇರ್ಬೇಕಲ್ವಾ? ಈ ಸಲ ನಾನೇ ಮಾತಾಡ್ತೀನಿ. ನೀನು ಮುಂದಿನ ತಿಂಗಳು.”

ಅವರ ವಿಷಯ ‘ನೂರಕ್ಕೆ ನೂರು: ನಮ್ಮ ಹೊಸ ಆಮಂತ್ರಣ ವ್ಯವಸ್ಥೆ’. ನನಗೆ ಸಿಟ್ಟು ಬಂತು, ಅಳುವೂ ಬಂತು. ಎರಡನ್ನೂ ಅನ್ನದ ಜೊತೆ ನುಂಗಿದೆ. ಶನಿವಾರ ಹೊರಡುವಾಗ ಮಾತ್ರ ನನ್ನ ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡೆ. ಯಾಕೆಂದು ನನಗೇ ಗೊತ್ತಿರಲಿಲ್ಲ.

ಹತ್ತು ಗಂಟೆ. ಸಾಲು ಸಾಲು ಕುರ್ಚಿ. ಅಷ್ಟನ್ನೂ ಒಬ್ಬನೇ ಹಾಕಿದ ಕಾವಲುಗಾರ ಸೊಂಟ ಹಿಡಿದುಕೊಂಡು ಗೋಡೆಗೆ ಒರಗಿದ್ದ. ಬಂದವರು ಮೂರು ಜನ, ಕರೆದರೂ ಕರೆಯದಿದ್ದರೂ ಬರುವ ಮೂವರು. ಅವರಲ್ಲಿ ಎಲ್ಲರ ಪ್ರೋಗ್ರಾಮಿನಲ್ಲೂ ಸಾಲಿನ ಕೊನೆಯ ಅರ್ಧವಿರಾಮ ಬಿಟ್ಟುಹೋದದ್ದನ್ನು ತೋರಿಸುವ, ಆದ್ದರಿಂದಲೇ ಸೆಮಿಕೋಲನ್ ಎಂದು ಹೆಸರಾದವನು ಕೇಳಿದ: “ಈ ಸಲ ಆಮಂತ್ರಣದ ಮೇಲ್ ಬರ್ಲೇ ಇಲ್ವಲ್ಲ ಸರ್? ಅಭ್ಯಾಸಬಲದಿಂದ ಬಂದ್ವಿ.”

“ಸ್ಪ್ಯಾಮ್‌ಗೆ ಹೋಗಿರುತ್ತೆ. ಉಳಿದವರು ಟ್ರಾಫಿಕ್ಕಲ್ಲಿ ಸಿಕ್ಕಿಹಾಕ್ಕೊಂಡಿರ್ಬೇಕು,” ಅಂದರು ಯಜಮಾನರು. ನೂರ ಮೂವತ್ತೇಳು ಜನ ಒಂದೇ ಟ್ರಾಫಿಕ್ಕಿನಲ್ಲಿ.

ಹತ್ತೂಕಾಲಿಗೆ ಬಾಗಿಲು ತೆರೆಯಿತು. ನಮ್ಮ ಅತ್ತೆ.

ಅತ್ತೆ ನಮ್ಮ ಬೀದಿಯ ಕೊನೆಯಲ್ಲೇ ನಾದಿನಿಯ ಮನೆಯಲ್ಲಿದ್ದಾರೆ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ನೆಟ್ಟಗೆ ಮೊದಲ ಸಾಲಿಗೆ ಬಂದು, ನಡುವಿನ ಕುರ್ಚಿಯಲ್ಲಿ ಕೂತು, ಕನ್ನಡಕ ಹಾಕಿಕೊಂಡರು.

“ಅಮ್ಮಾ, ನೀನ್ಯಾಕೆ ಬಂದೆ?”

“ನೀನೇ ಕರೆದೆಯಲ್ಲೋ! ಆರು ವರ್ಷದಿಂದ ಸಭೆ ಸಭೆ ಅಂತೀಯ, ಒಂದು ದಿನ ಬಾ ಅಂದವನಲ್ಲ. ಈ ಸಲ ಅಷ್ಟೊಂದು ಸಲ ಕರೆದಿದ್ದೀಯ. ಏನೋ ದೊಡ್ಡದೇ ಇರ್ಬೇಕು ಅಂದ್ಕೊಂಡೆ.”

ಫೋನ್ ತೆಗೆದು ತೋರಿಸಿದರು. ಒಂದೇ ಆಮಂತ್ರಣ, ಮೇಲಿಂದ ಕೆಳಗೆ, ಬೆರಳಿನಲ್ಲಿ ಎಷ್ಟು ಸರಿಸಿದರೂ ಮುಗಿಯದಷ್ಟು.

ಯಜಮಾನರ ಮುಖ ಇಂಗು ತಿಂದ ಮಂಗನ ಹಾಗಾಯಿತು. ಪ್ರೋಗ್ರಾಂ ಬರೆಯುವಾಗ, ಅರೆಬರೆ ಮೇಲ್ ತಪ್ಪಿ ಹೋಗಿ ಸದಸ್ಯರಿಗೆ ತೊಂದರೆಯಾಗಬಾರದೆಂದು ಎಲ್ಲರ ಹೆಸರಿನ ಮುಂದೆಯೂ ಅಮ್ಮನ ವಿಳಾಸ ಹಾಕಿಕೊಂಡಿದ್ದರಂತೆ. ಅಮ್ಮ ಮೇಲ್ ತೆರೆದು ನೋಡುವವಳಲ್ಲವಲ್ಲ! ಆಮೇಲೆ ತೆಗೆಯಲು ಮರೆತರಂತೆ.

“ಆದ್ರೆ... ಗುಂಡಿ? ನೂರ ನಲವತ್ತನ್ನೂ ನೀನೇ ಒತ್ತಿದ್ಯಾ?”

“ಮತ್ತೆ? ಬಂದ ಕರೆಗೆ ಉತ್ತರ ಕೊಡದೆ ಬಿಟ್ರೆ ನಮ್ಮ ಕಾಲದಲ್ಲಿ ಕೆಲಸ ಹೋಗ್ತಿತ್ತು. ಒತ್ತಿದ್ರೆ ಅದು ಹೂಂ ಅನ್ನಲ್ಲ, ಊಹೂಂ ಅನ್ನಲ್ಲ. ನಂದೇ ಏನೋ ತಪ್ಪು, ನಿನಗೆ ತಲುಪ್ತಿಲ್ಲ, ಅದಕ್ಕೇ ಮತ್ತೆ ಮತ್ತೆ ಕರೀತಿದ್ದೀಯ ಅಂದ್ಕೊಂಡು ಒತ್ತಿದೆ. ಎರಡು ದಿನ ಹಿಡೀತು.”

ಯಾರೂ ನಗಲಿಲ್ಲ. ನನಗೂ ನಗು ಬರಲಿಲ್ಲ. ಎರಡು ದಿನದಿಂದ ಕಾಯ್ದಿಟ್ಟುಕೊಂಡಿದ್ದ ಕುಹಕವೆಲ್ಲ ಈಗ ಬೇಡವೆನಿಸಿತು.

“ಈಗಲೇ ನಿನ್ನ ವಿಳಾಸ ತೆಗೆದುಬಿಡ್ತೀನಮ್ಮಾ,” ಅಂದರು ಇವರು.

“ಎಲ್ಲಾ ತೆಗೀಬೇಡ ಕಣೋ. ಒಂದಾದ್ರೂ ಇರ್ಲಿ.”

ಯಜಮಾನರು ಲ್ಯಾಪ್‌ಟಾಪ್ ಮುಚ್ಚಿದರು. ನೂರಕ್ಕೆ ನೂರರ ಬಗ್ಗೆ ಹೇಳಲು ಇನ್ನು ಏನೂ ಉಳಿದಿರಲಿಲ್ಲ. “ಸಭೆ ಮುಂದಿನ ತಿಂಗಳಿಗೆ ಹಾಕೋಣ,” ಅಂದರು.

“ಅದು ಹೇಗಾಗುತ್ತೆ? ಅಷ್ಟು ಸಲ ಬರ್ತೀನಿ ಅಂದು ಬಂದಿದ್ದೀನಿ. ಯಾರಾದ್ರೂ ಮಾತಾಡ್ಲೇಬೇಕು,” ಅಂದರು ಅತ್ತೆ.

“ನಾನೂ ಅಷ್ಟು ಕುರ್ಚಿ ಹಾಕಿದ್ದೀನಿ,” ಅಂದ ಕಾವಲುಗಾರ, ಗೋಡೆ ಬಿಡದೆ.

ನಾನು ಚೀಲಕ್ಕೆ ಕೈ ಹಾಕಿದೆ. ಯಜಮಾನರು ನನ್ನ ಮುಖ ನೋಡದೆಯೇ ಮೈಕಿನಿಂದ ಪಕ್ಕಕ್ಕೆ ಸರಿದು, ಹೋಗಿ ಅಮ್ಮನ ಪಕ್ಕದಲ್ಲಿ ಕೂತರು.

ಮೊದಲ ಹಾಳೆಯ ಮೊದಲ ಸಾಲು ನಾಲ್ಕು ವಾರದ ಹಿಂದೆಯೇ ಬರೆದದ್ದು. ಅದನ್ನು ಓದುವಾಗ ನನ್ನ ದನಿ ನಡುಗಿತು: “ಒತ್ತಿದ ಗುಂಡಿ ತಿರುಗಿ ಏನೂ ಹೇಳದಿದ್ದರೆ, ತಪ್ಪು ಒತ್ತಿದವರದ್ದಲ್ಲ, ಬರೆದವರದ್ದು.”

ಅತ್ತೆ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಆಮೇಲೆ ನನ್ನ ದನಿ ನಡುಗಲಿಲ್ಲ. ಮುಕ್ಕಾಲು ಗಂಟೆ ಮಾತಾಡಿದೆ. ಸೆಮಿಕೋಲನ್ ಕೂಡ ಒಂದು ತಪ್ಪೂ ಹಿಡಿಯದೆ ಬರೆದುಕೊಳ್ಳುತ್ತಿದ್ದ.

ಪ್ರಶ್ನೋತ್ತರದಲ್ಲಿ ಕೈ ಎತ್ತಿದವರು ಅತ್ತೆ ಒಬ್ಬರೇ.

“ಇದನ್ನೆಲ್ಲ ನೀನು ಮನೇಲಿ ಇವನಿಗೆ ಹೇಳಿರ್ಲಿಲ್ವೇನಮ್ಮಾ?”

“ಹೇಳಿದ್ದೆ ಅತ್ತೆ.”

ಅವರು ಮಗನ ಕಡೆಗೆ ತಿರುಗಿದರು. “ಕೇಳಿದ್ಯೇನೋ?”

ಯಜಮಾನರು ಮಡಿಲಲ್ಲಿದ್ದ ಮುಚ್ಚಿದ ಲ್ಯಾಪ್‌ಟಾಪನ್ನು ನೋಡಿದರು. ಆಮೇಲೆ, ಅಂದು ಮೊದಲ ಸಲ, ನನ್ನನ್ನು ನೋಡಿದರು.

“ಇಲ್ಲಮ್ಮ,” ಅಂದರು.

ಆ ದಿನ ಅವರು ಮಾಡಿದ ಭಾಷಣ ಅಷ್ಟೇ. ಆರು ವರ್ಷದಲ್ಲಿ ಅವರಿಂದ ಅಷ್ಟು ಒಳ್ಳೆಯ ಭಾಷಣವನ್ನು ನಾನು ಕೇಳಿರಲಿಲ್ಲ.