ಪಟ್ಟಿಯಲ್ಲಿಲ್ಲದ ಹೆಸರು

ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮುಗಿಸಿ ಮನೆಗೆ ಹೋಗಲು ವರ್ನಾಳಿಗೆ ಹೆದ್ದಾರಿಯಲ್ಲಾದರೆ ನಾಲ್ಕೇ ಮೈಲಿ. ಆದರೂ ಆರು ವರ್ಷದಿಂದ ಅವಳು ಕಲ್ಲುಗಣಿಯ ಹಿಂದಿನ ಹಾದಿ ಹಿಡಿದು ಹನ್ನೊಂದು ಮೈಲಿ ಸುತ್ತಿಕೊಂಡೇ ಬರುತ್ತಿದ್ದಳು. ಯಾಕೆಂದು ಪಶ್ಚಿಮ ವರ್ಜೀನಿಯಾದ ಆ ಪುಟ್ಟ ಊರಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ಇರಾಕಿನ ಯುದ್ಧದಿಂದ ಮರಳಿದ್ದ ಅವಳ ಒಬ್ಬನೇ ಮಗ ಡೆರಿಲ್‌ನ ಗಾಡಿ ಆ ಹೆದ್ದಾರಿಯ ಸೇತುವೆ ಕಂಬಕ್ಕೆ ಬಡಿದು ಅವನು ತೀರಿಹೋಗಿದ್ದ. ಮಂಜುಗಡ್ಡೆಯ ಮೇಲೆ ಜಾರಿತಂತೆ, ಎಂದು ಊರು ಹೇಳಿತು. ವರ್ನಾಳೂ ಹಾಗೇ ಹೇಳಿಕೊಂಡು ಬಂದಳು. ಅದು ನಡೆದದ್ದು ಏಪ್ರಿಲ್ ಕೊನೆಯಲ್ಲಿ, ಜನ ಸ್ವೆಟರು ಬಿಚ್ಚಿಟ್ಟ ವಾರ.

ಅಂದು ಸಂಜೆ ಲಾಯ್ಡ್ ಬಂದ. ಮಾಜಿ ಸೈನಿಕರ ಸಂಘದ ಅಧ್ಯಕ್ಷ, ತೀರಿಹೋದ ಅವಳ ಗಂಡನ ಗೆಳೆಯ. ಅವಳು ಕೊಟ್ಟ ಕಾಫಿ ಗುಟುಕರಿಸಿ ಮುಖ ಕಿವಿಚಿದ.

"ಇದನ್ನ ರಸ್ತೆಗೆ ಸುರಿದ್ರೆ ಗುಂಡಿ ಮುಚ್ಚುತ್ತೆ ನೋಡು."

"ಸುಮ್ನೆ ಕುಡಿ. ನೀನು ಬಂದಿದ್ದು ಕಾಫಿಗಲ್ಲ ಅಂತ ಗೊತ್ತು."

ಸೇತುವೆಯಿಂದ ಕಲ್ಲುಗಣಿಯವರೆಗಿನ ಹೆದ್ದಾರಿಗೆ 'ಮಡಿದ ಮತ್ತು ಗಾಯಗೊಂಡ ಸೈನಿಕರ ಹೆದ್ದಾರಿ' ಎಂದು ಹೆಸರಿಡಲು ರಾಜ್ಯ ಒಪ್ಪಿತ್ತು. ಸೋಮವಾರ ಫಲಕದ ಅನಾವರಣ. ಊರಿನ ಸೈನಿಕರ ಹೆಸರು ಓದಿ, ಒಂದೊಂದಕ್ಕೂ ಗಂಟೆ ಬಾರಿಸುವುದು. ಆಮೇಲಿನ ಊಟಕ್ಕೆ ವರ್ನಾಳ ಆಲೂಗಡ್ಡೆ ಸಲಾಡ್ ಬೇಕಿತ್ತು.

"ಪಟ್ಟಿ ತೋರ್ಸು," ಎಂದಳು. ಹದಿನಾರು ಹೆಸರು. ಎರಡು ಸಲ ಓದಿದಳು. "ಗಾಯಗೊಂಡವರೂ ಸೇರ್ತಾರೆ ಅಂದ್ಯಲ್ಲ?"

"ಪದಕ ಸಿಕ್ಕಿರೋ ಗಾಯ, ವರ್ನಾ. ಗುಂಡು, ಬಾಂಬಿನ ಚೂರು. ನಿಯಮ ನಾನು ಮಾಡಿದ್ದಲ್ಲ. ಮಂಜಲ್ಲಿ ಗಾಡಿ ಜಾರಿದ್ದನ್ನ ಯುದ್ಧದ ಲೆಕ್ಕಕ್ಕೆ ಹೇಗೆ ಬರೀಲಿ?"

"ಏಪ್ರಿಲ್‌ನಲ್ಲಿ ಮಂಜೆಲ್ಲಿತ್ತು, ಲಾಯ್ಡ್?"

ಆರು ವರ್ಷದಲ್ಲಿ ಆ ಮಾತು ಅವಳ ಬಾಯಿಂದ ಹೊರಬಿದ್ದದ್ದು ಅದೇ ಮೊದಲು. ಲಾಯ್ಡ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

"ಬ್ರೇಕ್ ಒತ್ತಿದ ಗುರುತಿರಲಿಲ್ಲ, ಗೊತ್ತು. ನಿನ್ನ ಸಂಕಟ ನೋಡಲಾರದೆ ಮಂಜು ಅಂತ ಮೊದ್ಲು ಹೇಳಿದ್ದೇ ನಾನು. ಈಗ ನಿಜ ಹೇಳಿದ್ರೆ ಅವನನ್ನ ಹೇಡಿ ಅಂತಾರೆ. ಮುಂದಿನ ಸಾಲಲ್ಲಿ ಗುಂಡು ತಿಂದ ಮಕ್ಕಳ ತಾಯಂದಿರು ಕೂತಿರ್ತಾರೆ. ಅವರ ಮುಖ ನೋಡ್ಬೇಡ್ವಾ?"

ಅವಳು ಪಟ್ಟಿಯನ್ನು ಅವನ ಕಡೆಗೆ ಸರಿಸಿದಳು. ಮರಳಿದ ಮೇಲೆ ಡೆರಿಲ್ ಗೋಡೆಗೆ ಬೆನ್ನು ಕೊಟ್ಟೇ ಊಟಕ್ಕೆ ಕೂರುತ್ತಿದ್ದ. "ಅಮ್ಮಾ, ನಾನಿನ್ನೂ ಅಲ್ಲೇ ಇದೀನಿ ಅನ್ಸುತ್ತೆ," ಎಂದಿದ್ದ ಒಂದು ದಿನ. "ಇನ್ನೆರಡು ಚಮಚ ಹಾಕ್ಲಾ?" ಎಂದು ಅವಳು ಮಾತು ತಿರುಗಿಸಿದ್ದಳು.

ಸೋಮವಾರ ಅವಳು ಹಿಂದಿನ ಸಾಲಿನಲ್ಲಿ ಕುಳಿತಳು. ಹದಿನಾರು ಹೆಸರು, ಹದಿನಾರು ಗಂಟೆಯ ಸದ್ದು. ಲಾಯ್ಡ್ ಕಾಗದ ಮಡಿಸುವಾಗ ಅವಳು ಎದ್ದು ಮುಂದೆ ನಡೆದಳು.

"ಡೆರಿಲ್ ಸ್ಟ್ರೌಡ್. ಇಪ್ಪತ್ತಾರು ವರ್ಷ," ಎಂದಳು. "ಅವತ್ತು ಮಂಜಿರಲಿಲ್ಲ. ರಸ್ತೆ ಒಣಗಿತ್ತು. ನನ್ನ ಮಗ ಯುದ್ಧದಿಂದ ಪೂರ್ತಿ ಬಂದೇ ಇರಲಿಲ್ಲ. ಹೇಳೋಕೆ ಬಂದಿದ್ದ, ನಾನು ಕೇಳ್ಲಿಲ್ಲ."

ಲಾಯ್ಡ್ ಗಂಟೆಯ ಹಗ್ಗ ಹಿಡಿದು ನಿಂತಿದ್ದ. ಮುಂದಿನ ಸಾಲಿನ ತಾಯಂದಿರನ್ನು ನೋಡಿದ, ವರ್ನಾಳನ್ನು ನೋಡಿದ. ಆಮೇಲೆ ಎಳೆದ. ಹದಿನೇಳನೆಯ ಸದ್ದು ಬೆಟ್ಟಕ್ಕೆ ಬಡಿದು ಹಿಂತಿರುಗಿತು.

ಮುಂದಿನ ಸಾಲಿನಿಂದ ಐಡಾ ಎದ್ದಳು. ಪಟ್ಟಿಯ ಮೊದಲ ಹೆಸರು ಅವಳ ದೊಡ್ಡ ಮಗನದು. ಏನನ್ನುವಳೋ ಎಂದು ವರ್ನಾ ತಲೆ ತಗ್ಗಿಸಿದಳು. ಐಡಾ ಅವಳ ತೋಳು ಹಿಡಿದು ಕಿವಿಯ ಹತ್ತಿರ ಬಾಗಿದಳು.

"ನನ್ನ ಚಿಕ್ಕೋನೂ ಯುದ್ಧಕ್ಕೆ ಹೋಗಿ ಬಂದೋನೇ. ನಾಲ್ಕು ತಿಂಗಳಾಯ್ತು, ಕೋಣೆ ಬಿಟ್ಟು ಹೊರಗೆ ಬರ್ತಿಲ್ಲ. ಸುಸ್ತು ಅಂತ ಎಲ್ಲರಿಗೂ ಹೇಳ್ತಿದೀನಿ. ನೀನು ಬಂದು ಅವನ ಹತ್ರ ಮಾತಾಡ್ತೀಯಾ?"

"ಮಾತಾಡೋಕೆ ನಂಗೆ ಬರಲ್ಲ, ಐಡಾ," ಎಂದಳು ವರ್ನಾ. "ಬಂದು ಕೂತ್ಕೊಳ್ತೀನಿ. ಅವನು ಹೇಳಿದ್ದಷ್ಟೂ ಕೇಳ್ತೀನಿ."

ಊಟಕ್ಕೆ ನಿಲ್ಲದೆ ಇಬ್ಬರೂ ಐಡಾಳ ಕಾರಿನ ಕಡೆಗೆ ನಡೆದರು.